ಸೋಪು ಕಾರ್ಖಾನೆಯ ಕೆಳಗೆ

ಕಟ್ಟಡ ಕಟ್ಟುವವರ ಪಾಲಿಗೆ ಅವಳು 'ಗುಂಡಿ ಮೇಡಂ'. ನಗರದೊಳಗೆ ಹಳೆಯ ಕಟ್ಟಡ ಒಡೆದು ಹೊಸ ಮನೆಗಳು ಏಳಬೇಕಾದರೆ, ಆ ನೆಲದಡಿಯಲ್ಲಿ ಹಿಂದಿನ ಕಾಲದವರು ಬಿಟ್ಟುಹೋದದ್ದು ಏನಾದರೂ ಉಳಿದಿರಬಹುದೇ ಎಂದು ಮೊದಲು ನೋಡಬೇಕು. ಅದು ನಗರಸಭೆಯ ನಿಯಮ. ಹಾಗೆ ನೋಡುವುದು ಅವಳ ಕೆಲಸ. ಹಳೆಯ ನಕಾಶೆಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸುವುದು, ಅಲ್ಲೊಂದು ಇಲ್ಲೊಂದು ಪರೀಕ್ಷೆಯ ಗುಂಡಿ ತೋಡಿಸುವುದು, ಒಳಗಿಳಿದು ಮಣ್ಣಿನ ಪದರಗಳನ್ನು ಕರಣೆಯಿಂದ ಕೆರೆದು ನೋಡುವುದು, ಕೊನೆಗೆ ವರದಿ ಬರೆಯುವುದು. ಅಷ್ಟುದ್ದದ ವರದಿಯಲ್ಲಿ ಜನ ಓದುತ್ತಿದ್ದದ್ದು ಒಂದೇ ಸಾಲು: ಇಲ್ಲಿ ಹಳೆಯ ಅವಶೇಷ ಸಿಗುವ ಸಾಧ್ಯತೆ ಹೆಚ್ಚೋ, ಕಡಿಮೆಯೋ. ಕಡಿಮೆ ಎಂದರೆ ಕೂಡಲೇ ಕೆಲಸ ಶುರು. ಹೆಚ್ಚು ಎಂದರೆ ಎಲ್ಲರ ಮುಖವೂ ಸಿಂಡರಿಸುತ್ತಿತ್ತು.

"ನಮ್ಮನ್ನ ಕರೆಯೋದು ಹುಡುಕೋಕಲ್ಲಮ್ಮ, ಏನೂ ಇಲ್ಲ ಅಂತ ಹೇಳಿಸ್ಕೊಳ್ಳೋಕೆ," ಎಂದು ಅವಳ ಪುಟ್ಟ ಸಂಸ್ಥೆಯ ಯಜಮಾನರು ನಗುತ್ತಿದ್ದರು. ತಮಾಷೆಗೇ ಹೇಳುತ್ತಿದ್ದರು, ಆದರೆ ಪ್ರತಿಸಲವೂ ಹೇಳುತ್ತಿದ್ದರು.

ಸೋಪು ಕಾರ್ಖಾನೆಯ ಕೆಲಸವನ್ನು ತಂದುಕೊಟ್ಟದ್ದು ಅವಳ ಭಾವ. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿ, ಈಗ ಅದನ್ನು ಒಡೆದು ನೆಲಸಮ ಮಾಡಿದ್ದರು. ಆ ಜಾಗದಲ್ಲಿ ಮನೆಗಳ ದೊಡ್ಡ ಸಮುಚ್ಚಯ ಕಟ್ಟಲಿದ್ದ ಕಂಪನಿಯಲ್ಲಿ ಭಾವ ಮೇಲ್ವಿಚಾರಕ. "ನಮ್ಮ ಪುಟ್ಟಿ ಇದಾಳೆ, ಅವಳಿಗೇ ಕೊಡಿ," ಎಂದು ತನ್ನ ಮೇಲಿನವರಿಗೆ ಶಿಫಾರಸು ಮಾಡಿದ್ದ. ಯಜಮಾನರಿಗೆ ಸಂಬಂಧದ ವಿಷಯ ಗೊತ್ತಿತ್ತು. "ಮನೆಯವರಾದ್ರೆ ಒಳ್ಳೇದೇ ಅಲ್ವಾ?" ಎಂದು ಅವರು ಅಲ್ಲಿಗೇ ಬಿಟ್ಟರು. ಅವಳಿಗೆ ಅದು ಸರಿ ಕಾಣಲಿಲ್ಲ. ಆದರೆ ಬೇಡ ಎನ್ನುವುದಕ್ಕೆ ಬಾಯಿ ಬರಲಿಲ್ಲ.

ಅದಕ್ಕೆ ಕಾರಣವಿತ್ತು. ಅಪ್ಪ ಅಮ್ಮ ಹೋದ ಮೇಲೆ ಅಕ್ಕನಿಗೆ ಉಳಿದವಳು ತಂಗಿ ಒಬ್ಬಳೇ. ಅಕ್ಕನ ಮದುವೆಯಾದಾಗ ತಂಗಿಯೂ ಪೆಟ್ಟಿಗೆ ಹಿಡಿದುಕೊಂಡು ಭಾವನ ಮನೆಗೇ ಬಂದಳು. "ಕಟ್ಕೊಂಡಿದ್ದು ಒಬ್ಬಳನ್ನ, ಬಂದಿದ್ದು ಇಬ್ಬರು. ನನಗೆ ಲಾಭವೇ ಬಿಡಿ," ಎಂದು ಭಾವ ನೆಂಟರ ಮುಂದೆಲ್ಲ ನಗಿಸುತ್ತಿದ್ದ. ದಪ್ಪನೆಯ, ಗಟ್ಟಿ ದನಿಯ ಮನುಷ್ಯ. ಕಾಲೇಜಿನಲ್ಲಿ ಮಣ್ಣು ಅಗೆಯುವ ಓದು ಓದುತ್ತೇನೆ ಎಂದಾಗಲೂ ಅವನು ಅಡ್ಡ ಬರಲಿಲ್ಲ. "ಓದು, ಓದು. ನಾನೂ ಮಣ್ಣು ಅಗೆಯೋನೇ. ಮನೆತನದ ಕಸುಬು ಅಂದ್ಕೋ," ಎಂದಿದ್ದ.

ಮನೆ ಎಂದರೆ ಎರಡು ಕೋಣೆ. ಕೆಳಗೆ ಬಾಗಿಲು ಕಿಟಕಿ ಮಾಡುವ ಬಡಗಿಯ ಅಂಗಡಿ. ಹಗಲೆಲ್ಲ ಗರಗಸದ ಸದ್ದು, ಮೆಟ್ಟಿಲ ತುಂಬ ಮರದ ಹೊಟ್ಟು. ಹಿಂದಿನ ಕೋಣೆಯಲ್ಲಿ ಅಕ್ಕ ಭಾವ. ಮುಂದಿನದರಲ್ಲಿ ಒಲೆ, ಊಟದ ಮೇಜು, ಅಕ್ಕನ ಇಬ್ಬರು ಹೆಣ್ಣುಮಕ್ಕಳು ಮತ್ತು ತಂಗಿ. ಯಾರಾದರೂ ಹಾಸಿಗೆ ಸುತ್ತದೆ ಇನ್ನೊಬ್ಬರು ಬಾಗಿಲು ತೆರೆಯುವ ಹಾಗಿರಲಿಲ್ಲ. ದೊಡ್ಡ ಹುಡುಗಿ ಪರೀಕ್ಷೆಗೆ ಓದುವಾಗ ಚಿಕ್ಕವಳು ಮೇಜಿನ ಕೆಳಗೆ ಆಡುತ್ತಿದ್ದಳು. ತಂಗಿಗೆ ಬಟ್ಟೆ ಬದಲಾಯಿಸಲು ಬಚ್ಚಲು, ಅಳಬೇಕೆನಿಸಿದರೂ ಬಚ್ಚಲೇ.

ಹೊಸ ಸಮುಚ್ಚಯದಲ್ಲಿ ಸಿಬ್ಬಂದಿಗೆಂದು ಮೀಸಲಿಟ್ಟ ಮನೆಗಳಲ್ಲಿ ಒಂದು ಅಕ್ಕನದು. ಮೂರು ಮಲಗುವ ಕೋಣೆ. ಅಕ್ಕ ಅಡುಗೆ ಮಾಡುತ್ತ ಮಾಡುತ್ತಲೇ ಆ ಮನೆಯಲ್ಲಿ ಓಡಾಡುತ್ತಿದ್ದಳು. "ಮೂಲೇ ಕೋಣೆ ನಿನಗೆ ಕಣೆ. ಕಿಟಕಿ ಪೂರ್ವಕ್ಕೆ. ಮಂಚ ಗೋಡೆಗೆ ಒತ್ತಿ ಹಾಕಿದ್ರೆ ನಿನ್ನ ಪುಸ್ತಕದ ಕಪಾಟೂ ಹಿಡಿಯುತ್ತೆ." ತಂಗಿ "ಹೂಂ" ಎನ್ನುತ್ತಿದ್ದಳು. ಆ ಕಿಟಕಿಯ ಕನಸು ಅವಳಿಗೂ ಬೀಳುತ್ತಿತ್ತು. ಹಾಗಾಗಿಯೇ ವರದಿಯ ಬಗ್ಗೆ ಮನೆಯಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಕೇಳದೆ ಇರುವುದೇ ಅವಳ ಕತ್ತಿನ ಮೇಲೆ ಕೂತಿತ್ತು.

ಮೊದಲ ಗುಂಡಿಗಳಲ್ಲಿ ಏನೂ ಸಿಗಲಿಲ್ಲ. ಕಾರ್ಖಾನೆಯವರು ಕಡಾಯಿ ಕೂರಿಸಲು ಎಲ್ಲವನ್ನೂ ಆಳವಾಗಿ ಬಗೆದು ಕಾಂಕ್ರೀಟು ಸುರಿದಿದ್ದರು. ಜಿಡ್ಡು ಮಣ್ಣು, ಇದ್ದಿಲು, ಒಡೆದ ಬಾಟಲಿ. ಅವಳ ಎದೆ ಹಗುರವಾಗತೊಡಗಿತು. ಈ ಸಲ 'ಕಡಿಮೆ' ಎಂದು ಸುಳ್ಳಿಲ್ಲದೆಯೇ ಬರೆಯಬಹುದು ಅನ್ನಿಸಿತು.

ಕೊನೆಯ ಗುಂಡಿ ಹಿಂದಿನ ಮೂಲೆಯಲ್ಲಿತ್ತು. ನಕಾಶೆಯಲ್ಲಿ ಅಲ್ಲಿ ಕಾರ್ಖಾನೆಯ ಯಾವ ಕಟ್ಟಡವೂ ಇರಲಿಲ್ಲ, ಬರೀ ಅಂಗಳ. ಯಂತ್ರದ ಬಕೆಟ್ಟು ಮೇಲಿನ ಮಣ್ಣು ಎತ್ತಿ ಆಳಕ್ಕೆ ಹೋಗುತ್ತಿದ್ದ ಹಾಗೆ ಒಮ್ಮೆಲೇ ಟೊಳ್ಳು ಸದ್ದು ಬಂತು. ಗುಂಡಿಯ ತಳದಲ್ಲಿ ಇಟ್ಟಿಗೆಗಳು ಒಳಕ್ಕೆ ಕುಸಿದು, ಒಬ್ಬ ಮನುಷ್ಯ ಇಳಿಯುವಷ್ಟು ಕಂಡಿ ತೆರೆದುಕೊಂಡಿತು. ಅದರೊಳಗಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು.

ಭಾವ ಓಡಿಬಂದ. ಬಗ್ಗಿ ನೋಡಿದ. ಯಂತ್ರದವನನ್ನು ಕೂಡಲೇ ಬೇರೆ ಕಡೆಯ ಕೆಲಸಕ್ಕೆ ಕಳಿಸಿಬಿಟ್ಟ. ಕೂಲಿಯವರು ಊಟಕ್ಕೆ ಹೋಗಿದ್ದರು.

"ಹಳೇ ಚರಂಡಿ ಪುಟ್ಟಿ. ಮುಚ್ಚಿಸಿಬಿಡೋಣ. ಯಾರಾದ್ರೂ ಬಿದ್ದುಗಿದ್ದರೆ ಕಷ್ಟ."

"ಚರಂಡಿಗೆ ಕಮಾನು ಹಾಕಿ ಗಾರೆ ಬಳೀತಾರಾ ಭಾವ? ನಾನು ಇಳಿದು ನೋಡ್ತೀನಿ."

"ಬೇಡ ಅಂದೆ."

"ನೋಡದೆ ಬರೆಯೋಕಾಗಲ್ಲ."

ಏಣಿ ಇಳಿಬಿಟ್ಟು ಅವಳು ಒಳಗೆ ಇಳಿದೇಬಿಟ್ಟಳು. ಗುಂಡಿಯ ಪಕ್ಕ ಸರಿಯಾದ ಆಸರೆ ಕೊಡಿಸದೆ, ಮೇಲೆ ಇನ್ನೊಬ್ಬರನ್ನು ನಿಲ್ಲಿಸದೆ ಇಳಿಯಬಾರದು ಎಂದು ಬೇರೆಯವರಿಗೆ ಪಾಠ ಹೇಳುತ್ತಿದ್ದವಳು ಅವಳೇ. ಆ ಹೊತ್ತಿಗೆ ಅದು ನೆನಪಾಗಲಿಲ್ಲ. ತಡೆದರೆ ನಿಲ್ಲುವವಳಲ್ಲ ಎಂದು ಗೊತ್ತಿದ್ದ ಭಾವ, ಒಬ್ಬಳನ್ನೇ ಬಿಡಲಾರದೆ ಗೊಣಗುತ್ತ ಹಿಂದೆಯೇ ಇಳಿದ. ಅವನ ಕಾಲು ನೆಲ ಮುಟ್ಟಿ ಸ್ವಲ್ಪ ಹೊತ್ತಾಗಿರಬೇಕು, ಮೇಲೆ ಗುಡ್ಡೆ ಹಾಕಿದ್ದ ಮಣ್ಣು ಜಾರಿತು. ಸದ್ದು ದೊಡ್ಡದೇನೂ ಇರಲಿಲ್ಲ. ಚೀಲದಿಂದ ಧಾನ್ಯ ಸುರಿದಂತೆ. ಏಣಿ ವಾಲಿ ಮುರಿಯಿತು. ಬೆಳಕು ಕಿರಿದಾಗುತ್ತ ಹೋಗಿ, ಪೂರ್ತಿ ಆರಿಹೋಯಿತು.

ಧೂಳಿನಲ್ಲಿ ಇಬ್ಬರೂ ಕೆಮ್ಮಿದರು. ಅವಳು ಮೊಬೈಲಿನ ಬೆಳಕು ಹಾಕಿದಳು. ಸಿಗ್ನಲ್ ಇರಲಿಲ್ಲ. ಕಂಡಿಯಿದ್ದ ಕಡೆ ಚಾವಣಿಯವರೆಗೂ ಮಣ್ಣಿನ ರಾಶಿ. ಕಮಾನಿನಲ್ಲಿ ಒಂದು ಬಿರುಕು ಹೊಸದಾಗಿ ಓಡಿತ್ತು; ಅದರಿಂದ ಆಗಾಗ ಪುಡಿ ಉದುರುತ್ತಿತ್ತು.

"ಪುಟ್ಟಿ, ನಿನಗೇನೂ ಆಗಿಲ್ಲ ತಾನೆ?"

"ಇಲ್ಲ. ನಿಮಗೆ?"

"ನಾನು ಗಟ್ಟಿ ಮಾಲು," ಎಂದ ಭಾವ. ಆದರೆ ದನಿ ಅವನದಾಗಿರಲಿಲ್ಲ.

ಮಣ್ಣನ್ನು ಕೈಯಿಂದ ತೋಡಲು ನೋಡಿದರು. ಬೊಗಸೆ ತೆಗೆದರೆ ಬುಟ್ಟಿಯಷ್ಟು ಜಾರುತ್ತಿತ್ತು, ಬಿರುಕಿನಿಂದ ಇಟ್ಟಿಗೆಯ ಚೂರೂ ಬಿತ್ತು. ಅವಳು ಭಾವನ ತೋಳು ಹಿಡಿದು ಎಳೆದಳು. "ಸಾಕು. ಮುಟ್ಟಿದಷ್ಟೂ ಮೇಲೆ ಬೀಳುತ್ತೆ. ಆ ಕಡೆ ಹೋಗೋಣ."

ಬೆಳಕು ಹಿಡಿದು ನಡೆದಾಗ ಅದೇನೆಂದು ಅವಳಿಗೆ ತಿಳಿಯಿತು. ನೀರಿನ ತೊಟ್ಟಿ. ನೆಲದಡಿಯಲ್ಲಿ ಉದ್ದಕ್ಕೆ ಕಟ್ಟಿದ್ದ, ಒಂದು ಬೀದಿಗೆಲ್ಲ ಸಾಲುವಷ್ಟು ದೊಡ್ಡ ತೊಟ್ಟಿ. ಗೋಡೆಗೆ ನುಣುಪು ಗಾರೆ, ಅದರ ಮೇಲೆ ನೀರು ನಿಂತಿದ್ದ ಮಟ್ಟದ ಗೆರೆಗಳು. ಇನ್ನೊಂದು ತುದಿಯಲ್ಲಿ ಕಲ್ಲಿನ ಮೆಟ್ಟಿಲುಗಳು. ಪ್ರತಿ ಮೆಟ್ಟಿಲೂ ನಡುವೆ ತಗ್ಗಾಗಿ, ತಟ್ಟೆಯ ಹಾಗೆ ಸವೆದಿತ್ತು. ಒಂದು ಕಾಲಕ್ಕೆ ಎಷ್ಟೋ ಜನ ಇಲ್ಲಿ ಇಳಿದು, ತುಂಬಿದ ಕೊಡ ಹೊತ್ತು ಹತ್ತಿದ್ದಾರೆ. ಅವಳಿಗೆ ಭಯದ ನಡುವೆಯೂ ಮೈ ನವಿರೆದ್ದಿತು. ಕಾರ್ಖಾನೆಗಿಂತ ಹಿಂದೆ, ನಕಾಶೆಗಿಂತಲೂ ಹಿಂದೆ, ಇಲ್ಲೊಂದು ಕೇರಿ ಇತ್ತು. ಸಾಧ್ಯತೆ ಹೆಚ್ಚೋ ಕಡಿಮೆಯೋ ಎಂಬ ಪ್ರಶ್ನೆಯೇ ಮುಗಿದುಹೋಗಿತ್ತು.

ಭಾವ ಎರಡೆರಡು ಮೆಟ್ಟಿಲು ಹತ್ತಿ ಓಡಿದ. ಮೇಲೆ ತಲೆ ತಾಗಿತು. ಮೆಟ್ಟಿಲ ಬಾಯಿಗೆ ಕಾರ್ಖಾನೆಯವರು ಕಾಂಕ್ರೀಟಿನ ಹಾಸು ಹಾಕಿ ಮುಚ್ಚಿದ್ದರು. ಅವನು ಎರಡೂ ಅಂಗೈಯಿಂದ ಅದನ್ನು ಒತ್ತಿದ, ಭುಜ ಕೊಟ್ಟು ನೂಕಿದ. ಆಮೇಲೆ ಮೆಟ್ಟಿಲ ಮೇಲೆ ಕುಸಿದು ಕೂತ. ಅವನ ಉಸಿರು ಗೊರಗೊರ ಎನ್ನುತ್ತಿತ್ತು.

"ಚಿಕ್ಕಂದಿನಿಂದಲೂ ನನಗೆ ಮುಚ್ಚಿದ ಜಾಗ ಆಗಲ್ಲ ಪುಟ್ಟಿ. ನಿನ್ನ ಅಕ್ಕನಿಗೂ ಹೇಳಿಲ್ಲ. ಲಿಫ್ಟಿನಲ್ಲಿ ಹಾಡು ಹೇಳ್ತೀನಲ್ಲ, ಅದು ಖುಷಿಗಲ್ಲ."

ಅವಳಿಗೆ ಅಯ್ಯೋ ಅನ್ನಿಸಿತು. ಇವನನ್ನು ಸುಮ್ಮನೆ ಕೂರಲು ಬಿಡಬಾರದು ಎಂದುಕೊಂಡು ಕಿಸೆಯಿಂದ ಅಳತೆಯ ಟೇಪು ತೆಗೆದಳು. "ಏಳಿ ಭಾವ. ಈ ತುದಿ ಹಿಡ್ಕೊಳ್ಳಿ. ಅಳೆಯೋಣ."

"ಸಾಯೋ ಹೊತ್ತಲ್ಲಿ ಅಳತೆ!"

"ಸಾಯೋ ಹೊತ್ತು ಅಂತ ಯಾರು ಹೇಳಿದ್ರು? ಹಿಡ್ಕೊಳ್ಳಿ."

ಅವನು ಹಿಡಿದ. ಗೋಡೆಯಿಂದ ಗೋಡೆಗೆ, ಮೆಟ್ಟಿಲಿಂದ ಕಮಾನು ಹೊತ್ತ ಕಂಬಕ್ಕೆ. ಅವಳು ಕೂಗಿದ ಅಳತೆಯನ್ನು ಅವನು ತಿರುಗಿ ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಉಸಿರು ಹದಕ್ಕೆ ಬಂತು. ಬ್ಯಾಟರಿ ಉಳಿಸಲು ಬೆಳಕು ಆರಿಸಿದಾಗ ಕತ್ತಲಲ್ಲಿ ಪಕ್ಕಪಕ್ಕ ಕೂತರು. ಆಗ ಭಾವ ತಾನಾಗಿಯೇ ಹೇಳಿದ.

"ಇದು ಇಲ್ಲಿದೆ ಅಂತ ನನಗೆ ಗೊತ್ತಿತ್ತು."

ಅವಳು ದನಿ ಬಂದ ಕಡೆ ತಿರುಗಿದಳು.

"ತೊಟ್ಟಿ ಅಂತ ಗೊತ್ತಿರಲಿಲ್ಲ. ಟೊಳ್ಳಿದೆ ಅಂತ ಗೊತ್ತಿತ್ತು. ಅಡಿಪಾಯಕ್ಕೆ ಮಣ್ಣು ಪರೀಕ್ಷೆ ಮಾಡಿಸುವಾಗ ಈ ಮೂಲೇಲಿ ಕೊರೆಯೋ ಕಂಬಿ ಸರಕ್ಕನೆ ಒಳಗೆ ಹೋಯ್ತು. ಸ್ವಲ್ಪ ಆಚೆ ಇನ್ನೊಂದು ತೂತು ಕೊರೆಸಿ, ಅದರ ಫಲಿತಾಂಶವನ್ನೇ ಮೇಲಿನವರಿಗೆ ಕೊಟ್ಟೆ. ಈ ಮೂಲೇಲಿ ನೀನು ಗುಂಡಿ ತೋಡಿಸ್ತೀಯ ಅಂತ ಅಂದ್ಕೊಂಡಿರಲಿಲ್ಲ."

"ಈ ಮೂಲೆ ಮೇಲೆ ಯಾರ ಮನೆ ಬರುತ್ತೆ ಭಾವ?"

"ಸಿಬ್ಬಂದಿದು."

"ಅಂದ್ರೆ ನಮ್ಮದು."

"ಕಾಂಕ್ರೀಟ್ ತುಂಬಿಸಿಬಿಡ್ತಿದ್ದೆ ಪುಟ್ಟಿ, ದೇವರಾಣೆ. ಯಾರಿಗೂ ಏನೂ ಆಗ್ತಿರಲಿಲ್ಲ. ಹೇಳಿದ್ರೆ ಎಲ್ಲ ನಿಲ್ತಿತ್ತು. ಆ ಎರಡು ಕೋಣೇಲಿ ಇನ್ನೆಷ್ಟು ವರ್ಷ? ದೊಡ್ಡವಳು ಮೈನೆರೆದಿದಾಳೆ, ಅವಳಿಗೊಂದು ಬಾಗಿಲಿಲ್ಲ. ನೀನು ಬಚ್ಚಲಲ್ಲಿ ಅಳೋದು ನನಗೆ ಕೇಳಲ್ವಾ?"

ಅವಳಿಗೆ ಸಿಟ್ಟು ಉಕ್ಕಿತ್ತು. ಕೊನೆಯ ಮಾತಿಗೆ ಅದು ಅರ್ಧಕ್ಕೇ ನಿಂತಿತು. ಎದ್ದು ಹೋಗೋಣವೆಂದರೆ ಹೋಗಲು ಜಾಗವಿಲ್ಲ. ಬೈಯೋಣವೆಂದರೆ ಪಕ್ಕದಲ್ಲಿ ಕೂತವನ ಮೈ ನಡುಗುವುದು ತೋಳಿಗೆ ತಾಗುತ್ತಿದೆ. ಆ ಕಡೆಯಿಂದ ಮತ್ತೊಮ್ಮೆ ಮಣ್ಣು ಸುರಿದ ಸದ್ದಾಯಿತು.

"ತಟ್ಟೋಣ," ಎಂದಳು. "ಮೇಲೆ ಯಾರಾದ್ರೂ ಇರಬಹುದು."

ಒಂದೊಂದು ಇಟ್ಟಿಗೆ ಹಿಡಿದು ಇಬ್ಬರೂ ಮೆಟ್ಟಿಲ ತುದಿಯಲ್ಲಿ ತಲೆ ಬಗ್ಗಿಸಿ ಕೂತು ಕಾಂಕ್ರೀಟನ್ನು ಕುಟ್ಟತೊಡಗಿದರು. ಇಟ್ಟಿಗೆ ಪುಡಿಯಾದರೆ ಇನ್ನೊಂದು. ಕೈ ಸೋತರೆ ಸರದಿ. ಕೂಗಿ ಕೂಗಿ ಗಂಟಲು ಕಟ್ಟಿತು. ಉತ್ತರ ಬರಲಿಲ್ಲ. ಗಾಳಿ ಭಾರವಾಗಿತ್ತು. ಭಾವ ಒಮ್ಮೆ ಕೆಲಸ ನಿಲ್ಲಿಸಿ, "ನಾನು ಹೋದ್ರೆ ಹುಡುಗೀರನ್ನ..." ಎಂದು ಶುರುಮಾಡಿದ. "ಸುಮ್ಮನೆ ಕುಟ್ಟಿ ಭಾವ," ಎಂದು ಅವಳು ಗದರಿದಳು. ಅವಳಿಗೂ ಅಳು ಬಂದಿತ್ತು.

ಮೇಲೆ ಏನಾಯಿತೆಂದು ಅಕ್ಕ ಆಮೇಲೆ ಎಷ್ಟೋ ಸಲ ಹೇಳಿದಳು. ಆ ದಿನ ಸಂಜೆ ಇನ್ನೂ ಏಳದ ಹೊಸ ಮನೆಯ ನೆಲಕ್ಕೆ ಹಂಚು ಆರಿಸಲು ಗಂಡ ಹೆಂಡತಿ ಅಂಗಡಿಗೆ ಹೋಗುವುದೆಂದಿತ್ತು. ಊಟ ಮುಗಿಸಿದ ಕೂಲಿಯವರು ಮುಂಭಾಗದ ಕೆಲಸಕ್ಕೆ ಹೋಗಿದ್ದರು, ಹಿಂದಿನ ಮೂಲೆಯತ್ತ ಯಾರೂ ಸುಳಿದಿರಲಿಲ್ಲ. ಅಕ್ಕ ಬಂದಾಗ ಕಾವಲುಗಾರ, "ಸಾಹೇಬ್ರು ಎಲ್ಲೋ ಹೋಗಿದಾರೆ, ಕೂತ್ಕೊಳ್ಳಿ," ಎಂದು ಆಫೀಸಿನಲ್ಲಿ ಕುರ್ಚಿ ಹಾಕಿದ. ಆಫೀಸೆಂದರೆ ಹಳೆಯ ಕಾಂಕ್ರೀಟು ಹಾಸಿನ ಮೇಲೆ ಇಟ್ಟಿದ್ದ ತಗಡಿನ ಪೆಟ್ಟಿಗೆಯಂಥ ಕೋಣೆ. ಅವಳು ಹಂಚಿನ ಮಾದರಿ ನೋಡುತ್ತ ಕೂತಿದ್ದಾಗ ಕಾಲ ಕೆಳಗೆ ಟಕ್ ಟಕ್ ಎಂದಿತು.

"ಇಲಿ ಇರ್ಬೇಕಮ್ಮ," ಎಂದ ಕಾವಲುಗಾರ.

"ಇಲಿ ಸುತ್ತಿಗೆ ಹಿಡ್ಕೊಂಡಿರುತ್ತಾ?" ಎಂದು ಅಕ್ಕ ನೆಲಕ್ಕೆ ಕಿವಿಯಿಟ್ಟಳು. ಆಮೇಲೆ ಎದ್ದು ಹೊರಗೆ ಓಡಿ, ಹಿಂದಿನ ಮೂಲೆಯಲ್ಲಿ ಕುಸಿದ ಗುಂಡಿಯನ್ನೂ ಅದರ ಅಂಚಿನಲ್ಲಿ ತಂಗಿಯ ಚೀಲವನ್ನೂ ನೋಡಿದಳು. ಅವಳ ಕಿರುಚಾಟಕ್ಕೆ ಪಕ್ಕದ ರಸ್ತೆಯವರೂ ಓಡಿಬಂದರಂತೆ.

ಕೆಳಗಿದ್ದವರಿಗೆ ಮೊದಲು ಕೇಳಿಸಿದ್ದು ಮೂರು ಗುದ್ದು. ಆಮೇಲೆ ಕಾಂಕ್ರೀಟಿನಾಚೆಯಿಂದ, ಬಾವಿಯಾಳದಿಂದ ಬಂದಂತೆ ಅಕ್ಕನ ದನಿ. "ಅಲ್ಲೇ ಇರಿ! ಎಲ್ಲೂ ಹೋಗ್ಬೇಡಿ!"

ಭಾವ ತಂಗಿಯ ಕಡೆ ತಿರುಗಿದ. "ಎಲ್ಲೂ ಹೋಗ್ಬೇಡಿ ಅಂತೆ," ಎಂದ. ನಗು ಉಕ್ಕಿತು, ನಗುತ್ತಲೇ ಅವನು ಅತ್ತ.

ಯಂತ್ರ ತಂದರೆ ಕಮಾನೇ ಬೀಳಬಹುದೆಂದು ಕೂಲಿಯವರು ಗುದ್ದಲಿ ಬಾಣಲಿಯಿಂದಲೇ ಮಣ್ಣು ಎತ್ತಿದರು. ಹಲಗೆಗಳನ್ನು ಆಸರೆಗೆ ಕೊಟ್ಟು, ಹಗ್ಗ ಇಳಿಬಿಟ್ಟು, ಮೊದಲು ಅವಳನ್ನು, ಆಮೇಲೆ ಭಾವನನ್ನು ಎಳೆದರು. ಹೊತ್ತು ಮುಳುಗಿ ಎಷ್ಟೋ ಹೊತ್ತಾಗಿತ್ತು. ಅಕ್ಕ ಇಬ್ಬರನ್ನೂ ಒಟ್ಟಿಗೆ ತಬ್ಬಿದಳು, ಆಮೇಲೆ ಇಬ್ಬರಿಗೂ ಬೆನ್ನಿಗೆ ಗುದ್ದಿದಳು.

ಬೆಳಕಿಗೆ ಬಂದ ಭಾವ ಬೇಗ ಹಳೆಯ ಭಾವನಾದ. ಮರುದಿನ ಬೆಳಿಗ್ಗೆ ಒಲೆಯ ಪಕ್ಕ ಚಹಾ ಲೋಟ ಹಿಡಿದುಕೊಂಡು, ಮಕ್ಕಳು ಶಾಲೆಗೆ ಇಳಿದುಹೋದ ಮೇಲೆ, ಮೆಲ್ಲಗೆ ಅಂದ: "ಪುಟ್ಟಿ, ಕೆಳಗೆ ಆಡಿದ ಮಾತು ಕೆಳಗೇ ಇರ್ಲಿ. ತೊಟ್ಟಿ ಪೂರ್ತಿ ಕುಸಿದಿದೆ, ಏನೂ ಉಳಿದಿಲ್ಲ ಅಂತ ಬರೆದ್ರೆ ಸುಳ್ಳೇನಲ್ಲ."

"ಕುಸಿದಿರೋದು ಒಂದು ಮೂಲೆ."

"ಅದನ್ನ ನೋಡಿರೋರು ನಾವಿಬ್ಬರೇ."

ಅಕ್ಕ ಪಾತ್ರೆ ಉಜ್ಜುತ್ತಿದ್ದಳು. "ಅವರು ಹೇಳೋದ್ರಲ್ಲಿ ತಪ್ಪೇನಿದೆ?" ಎಂದಳು, ತಿರುಗದೆ. "ನಿನ್ನನ್ನ ಉಳಿಸಿಕೊಳ್ಳೋಕೆ ಅವರು ಒಳಗೆ ಇಳಿದರು. ನೀನು ಒಂದು ಸಾಲು ಬರೀಬೇಡ ಅಂತ ಕೇಳಿದ್ರೆ ಅದೂ ಆಗಲ್ವಾ? ಯಾರೋ ಯಾವ ಕಾಲದಲ್ಲೋ ನೀರು ಹೊತ್ತರು. ನಾನು ಇವತ್ತು ಹೊರ್ತಾ ಇದೀನಿ ಕಣೆ, ಈ ಮೆಟ್ಟಿಲಲ್ಲಿ, ದಿನಾ."

ತಂಗಿ ಮೇಜಿಗೂ ಗೋಡೆಗೂ ನಡುವೆ ನಿಂತಿದ್ದಳು. ಒಂದು ಕಡೆ ಅಕ್ಕ, ಬಾಗಿಲ ಕಡೆ ಭಾವ. ನಿನ್ನೆ ಕತ್ತಲಲ್ಲಿ ಕೂತಾಗ ಕೂಡ ಇಷ್ಟು ಉಸಿರು ಕಟ್ಟಿರಲಿಲ್ಲ. ಹೇಳಿದರೆ ಭಾವನ ಮುಖಕ್ಕೆ ಮಸಿ ಬಳಿದಂತೆ. ಹೇಳದಿದ್ದರೆ ಆ ಟೊಳ್ಳಿನ ಮೇಲೆ ಈ ಮಕ್ಕಳ ಮಂಚ. ಅವಳು ಭಾವನನ್ನೇ ನೋಡಿದಳು; ಅವನೇ ಹೇಳಲಿ ಎಂದು ಕಾದಳು. ಅವನು ಲೋಟದೊಳಗೆ ನೋಡುತ್ತಿದ್ದ.

"ಅಕ್ಕ, ಭಾವನಿಗೆ ಮೊದಲೇ ಗೊತ್ತಿತ್ತು," ಎಂದಳು. ಕೊರೆಯುವ ಕಂಬಿಯ ಕಥೆಯನ್ನು ಪೂರ್ತಿ ಹೇಳಿದಳು. 

ಪಾತ್ರೆ ಉಜ್ಜುವ ಸದ್ದು ನಿಂತಿತು. ಅಕ್ಕ ಸೆರಗಿಗೆ ಕೈ ಒರೆಸಿಕೊಂಡು, ಗಂಡನ ಎದುರು ಕೂತಳು.

"ರೀ, ನನ್ನ ಮಕ್ಕಳನ್ನ ಅದರ ಮೇಲೆ ಮಲಗಿಸ್ತಿದ್ರಾ?"

"ತುಂಬಿಸ್ತಿದ್ದೆ ಕಣೆ. ಗಟ್ಟಿ ಮಾಡಿಸ್ತಿದ್ದೆ..."

"ತುಂಬಿಸೋಕೆ ಮೇಲಿನವರು ಒಪ್ಪದೆ ಇದ್ದಿದ್ರೆ?"

ಅವನು ಲೋಟವನ್ನು ಮೇಜಿನ ಮೇಲಿಟ್ಟ. ಅಕ್ಕ ಮತ್ತೆ ಏನನ್ನೂ ಕೇಳಲಿಲ್ಲ. ತಂಗಿಗೆ "ಬರಿ" ಎಂದೂ ಹೇಳಲಿಲ್ಲ, "ಬೇಡ" ಎಂದೂ ಹೇಳಲಿಲ್ಲ. ಎದ್ದುಹೋಗಿ ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡಳು.

ತಂಗಿ ವರದಿ ಬರೆದಳು. ತೊಟ್ಟಿಯ ಅಳತೆ, ಮೆಟ್ಟಿಲು, ಸುತ್ತ ಹಳೆಯ ಕೇರಿ ಉಳಿದಿರುವ ಬಲವಾದ ಸಾಧ್ಯತೆ, ಎಲ್ಲ. ಮೇಲ್ವಿಚಾರಕ ತನ್ನ ಅಕ್ಕನ ಗಂಡನೆಂದೂ ಬರೆದಳು. ಕಂಬಿಯ ವಿಷಯ ಬರೆಯಲಿಲ್ಲ. ಅದನ್ನು ಭಾವನೇ ಹೋಗಿ ತನ್ನ ಮೇಲಿನವರಿಗೆ ಒಪ್ಪಿಕೊಂಡ. ಹೆಂಡತಿಯ ಮೌನ ತಡೆಯಲಾರದೆ ಹೋದನೋ, ಮತ್ತೆ ಯಾರಾದರೂ ಒಳಗೆ ಬಿದ್ದಾರೆಂಬ ಭಯಕ್ಕೋ, ಅವನು ಹೇಳಲಿಲ್ಲ. ಸಂಸ್ಥೆಯ ಯಜಮಾನರು ನಿಟ್ಟುಸಿರುಬಿಟ್ಟು, "ಸಂಬಂಧ ಅಂತ ನೀನೇ ಬರೆದಮೇಲೆ ಇನ್ನೇನು," ಎಂದು ಬೇರೆ ಊರಿನ ತಜ್ಞರನ್ನು ಕರೆಸಿದರು. ಆ ತಜ್ಞರೂ ಅದನ್ನೇ ಬರೆದರು.

ನಗರಸಭೆ ಆ ಮೂಲೆಯಲ್ಲಿ ಏನೂ ಕಟ್ಟದಂತೆ ಬಿಡಿಸಿತು. ಉಳಿದ ಕಡೆ ಕಟ್ಟಡ ಎದ್ದಿತು. ಮೂಲೆಯಲ್ಲಿ ಬರಬೇಕಿದ್ದ ಸಿಬ್ಬಂದಿಯ ಮನೆಗಳನ್ನು ಮುಂದಿನ ಹಂತಕ್ಕೆ ತಳ್ಳಿದರು; ಅದು ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ. ಭಾವನನ್ನು ಕೆಲಸದಿಂದ ತೆಗೆಯಲಿಲ್ಲ, ಊರಾಚೆ ಸಾಮಾನು ಇಡುವ ಗೋದಾಮಿಗೆ ಹಾಕಿದರು. ಅಲ್ಲಿ ಕೂಗಲು ಯಾರೂ ಇಲ್ಲದೆ ಅವನ ದನಿ ಸಣ್ಣದಾಯಿತು. ಅವಳ ಮೇಲೆ ಸಿಟ್ಟು ತೋರಿಸಲಿಲ್ಲ. ಆದರೆ ಪುಟ್ಟಿ ಎಂದು ಕರೆಯುವುದು ತಾನಾಗಿಯೇ ಕಡಿಮೆಯಾಯಿತು. ಚಳಿಯಲ್ಲೂ ಅವನು ಮಲಗುವ ಕೋಣೆಯ ಬಾಗಿಲು ತೆರೆದೇ ಇಡುತ್ತಿದ್ದ, ಅಕ್ಕ ಏಳುತ್ತಿದ್ದಳು, ಮುಚ್ಚುತ್ತಿದ್ದಳು; ಅವನು ಮತ್ತೆ ತೆರೆಯುತ್ತಿದ್ದ.

ಎರಡು ಕೋಣೆಯಲ್ಲಿ ಮಾತು ಬಿಟ್ಟು ಬದುಕುವುದು ಸುಲಭವಲ್ಲ. ಉಪ್ಪಿನ ಡಬ್ಬಿ ಕೇಳಬೇಕು, ಬಚ್ಚಲು ಖಾಲಿಯೇ ಎನ್ನಬೇಕು. ಅಕ್ಕ ಅಷ್ಟನ್ನು ಮಾತ್ರ ಆಡಿದಳು, ಚಳಿಗಾಲ ಪೂರ್ತಿ. ಆಮೇಲೊಂದು ದಿನ ತಾನೇ ಹೊರಗೆ ಹೋಗಿ, ಪಕ್ಕದ ಬೀದಿಯಲ್ಲಿ ಒಂಟಿ ಕೋಣೆಯೊಂದನ್ನು ನೋಡಿ ಬಂದಳು.

"ನಿನಗೆ ಅಂತ ಹೇಳಿ ಬಂದಿದೀನಿ."

"ನನ್ನನ್ನ ಕಳಿಸ್ತಾ ಇದೀಯಾ ಅಕ್ಕ?"

"ಅಯ್ಯೋ, ಕಳಿಸೋದಲ್ಲ ಕಣೆ," ಎಂದ ಅಕ್ಕನ ಕಣ್ಣು ತುಂಬಿತು. "ನಾವು ಇಲ್ಲೇ ಇರೋದು, ಇನ್ನೆಷ್ಟು ದಿನವೋ. ಎದುರಿಗೇ ನೀನು ಕಂಡ್ರೆ ನನಗೆ ಆ ಮನೆ ನೆನಪಾಗುತ್ತೆ. ನಿನ್ನ ಮೇಲೆ ಸಿಟ್ಟು ಬರುತ್ತೆ. ನೀನು ಮಾಡಿದ್ದು ಸರಿ ಅಂತ ಗೊತ್ತಿದ್ದೂ ಬರುತ್ತೆ. ಏನು ಮಾಡ್ಲಿ?"

ತಂಗಿ ಹಾಸಿಗೆ ಸುತ್ತಿದಳು, ಪುಸ್ತಕ ಕಟ್ಟಿದಳು. ದೊಡ್ಡ ಹುಡುಗಿ ಖಾಲಿಯಾದ ಮೂಲೆಗೆ ತನ್ನ ಮೇಜನ್ನು ಆಗಲೇ ಎಳೆದುಕೊಳ್ಳುತ್ತಿದ್ದಳು. ಭಾವ ಪುಸ್ತಕದ ಪೆಟ್ಟಿಗೆ ಹೆಗಲ ಮೇಲಿಟ್ಟುಕೊಂಡು ಮೆಟ್ಟಿಲಿಳಿದ. ಹೊಸ ಕೋಣೆಯ ಬಾಗಿಲು ಬಂದಾಗ ಒಳಗೆ ನೋಡಿದ. ಗೂಡಿನಷ್ಟು ಜಾಗ, ಕಿಟಕಿ ಎದುರು ಮನೆಯ ಗೋಡೆಗೆ. ಪೆಟ್ಟಿಗೆಯನ್ನು ಹೊಸಿಲ ಮೇಲೆ ಇಳಿಸಿ, ತಾನು ಹೊರಗೇ ನಿಂತ.

"ಗಾಳಿ ಬರುತ್ತಾ ಪುಟ್ಟಿ?" ಎಂದು ಕೇಳಿದ.

"ಕಿಟಕಿ ತೆಗೆದ್ರೆ ಬರುತ್ತೆ ಭಾವ."

ಅವನು ತಲೆಯಾಡಿಸಿ, ಬೀದಿಯುದ್ದಕ್ಕೂ ಬೇಗಬೇಗ ನಡೆದುಹೋದ. ಅವಳು ಕಿಟಕಿಯ ಅಗುಳಿ ಎಳೆದಳು. ಬಣ್ಣ ಬಳಿದು ಬಿಗಿದುಹೋಗಿದ್ದ ಅದು ಜಗ್ಗಲಿಲ್ಲ. ಇನ್ನೊಮ್ಮೆ, ಎರಡೂ ಕೈಯಿಂದ ಎಳೆದಳು.